ಶಿಲುಬೆಯ ತನಕ ಒಂದೇ ದಾರಿ

ಜೆರುಸಲೇಮಿನ ಹಳೆಯ ಊರಿನಲ್ಲಿ ವಿಯಾ ಡೊಲೊರೋಸಾ ಎಂಬ ಕಲ್ಲುಹಾಸಿನ ಓಣಿ ಇದೆ. ಯೇಸು ಶಿಲುಬೆ ಹೊತ್ತು ನಡೆದ ದಾರಿ ಇದು ಎಂದು ಕ್ರೈಸ್ತರು ಶತಮಾನಗಳಿಂದ ಇಲ್ಲಿ ನಡೆಯುತ್ತ ಬಂದಿದ್ದಾರೆ. ಶಿಲುಬೆ ಹಾದಿಯ 14 ಸ್ಥಳಗಳಲ್ಲಿ ಮೊದಲನೆಯದು, ಅಂದರೆ ರೋಮನ್ ಅಧಿಕಾರಿ ಪಿಲಾತನು ಯೇಸುವಿಗೆ ಮರಣದಂಡನೆ ವಿಧಿಸಿದ ಜಾಗ, ಈಗ ಅಲ್-ಉಮರಿಯಾ ಎಂಬ ಮುಸ್ಲಿಂ ಶಾಲೆಯ ಅಂಗಳ. ವಾರವಿಡೀ ಹುಡುಗರು ಆಡುವ ಆ ಅಂಗಳಕ್ಕೆ ಶುಕ್ರವಾರ ಮಧ್ಯಾಹ್ನ ಕಂದು ನಿಲುವಂಗಿಯ ಫ್ರಾನ್ಸಿಸ್ಕನ್ ಸನ್ಯಾಸಿಗಳು ಬಂದು ನಿಲ್ಲುತ್ತಾರೆ, ಪ್ರಾರ್ಥನೆ ಶುರುವಾಗುತ್ತದೆ. ಆ ಹುಡುಗರು ಓದುವ ಕುರ್‌ಆನ್ ಪ್ರಕಾರ ಯೇಸುವನ್ನು ಶಿಲುಬೆಗೆ ಏರಿಸಲೇ ಇಲ್ಲ.

ಇದು ಮನಸ್ಸಿಗೆ ಹೊಕ್ಕ ಮೇಲೆ ಉಳಿದ ಪ್ರವಾಸವೆಲ್ಲ ಹಿಂದೆ ಸರಿಯಿತು. ಗಲಿಲೇಯದ ಸರೋವರ ಚೆಂದ, ನಜರೇತಿನ ಚರ್ಚು ದೊಡ್ಡದು, ಮೃತ ಸಮುದ್ರದಲ್ಲಿ ಎಲ್ಲರೂ ತೇಲುತ್ತಾರೆ. ಅದನ್ನೆಲ್ಲ ಬರೆದವರು ಬೇಕಾದಷ್ಟು ಜನ ಇದ್ದಾರೆ.

ನನ್ನ ಜೊತೆಗಿದ್ದವಳು ಮಂಗಳೂರಿನ ನಮ್ಮ ಪಕ್ಕದ ಮನೆಯ ಹುಡುಗಿ. ಮನೆಮಾತು ಕೊಂಕಣಿ, ಕ್ಯಾಥೊಲಿಕ್. ನಮ್ಮ ಕರಾವಳಿಯಿಂದ ಇಸ್ರೇಲಿಗೆ ವೃದ್ಧರ ಆರೈಕೆಯ ಕೆಲಸಕ್ಕೆ ಹೋದವರು ಬಹಳ, ಅವರಲ್ಲಿ ಇವಳೂ ಒಬ್ಬಳು. ಟೆಲ್ ಅವೀವ್ ಹತ್ತಿರ ಒಬ್ಬ ಯಹೂದಿ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ, ಹೀಬ್ರೂ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾಳೆ. ನನಗಾಗಿ ರಜೆ ಹಾಕಿ ಬಂದಿದ್ದಳು.

ಶುಕ್ರವಾರ ನಾವು ಆ ಸನ್ಯಾಸಿಗಳ ಮೆರವಣಿಗೆಗೆ ಸೇರಿಕೊಂಡದ್ದು ಬೇರೆ ದಾರಿ ಇಲ್ಲದೆ. ಹರಮ್ ಅಲ್-ಶರೀಫ್, ಅಂದರೆ ಚಿನ್ನದ ಗುಮ್ಮಟದ ಆ ವಿಶಾಲ ಆವರಣಕ್ಕೆ ಹೋಗುವುದು ನಮ್ಮ ಯೋಜನೆಯಾಗಿತ್ತು. "ಯಾವ ದಿನ ಬೇಕಾದರೂ ಹೋಗಿ" ಎಂದು ಊರಿನ ಏಜೆಂಟ್ ಬರೆದುಕೊಟ್ಟಿದ್ದ. ಮುಸ್ಲಿಮರಲ್ಲದವರಿಗೆ ಶುಕ್ರವಾರ, ಶನಿವಾರ ಪ್ರವೇಶವೇ ಇಲ್ಲ. ಉಳಿದ ದಿನಗಳಲ್ಲಿಯೂ ಮುಗ್ರಾಬಿ ದ್ವಾರ ಒಂದರಿಂದಲೇ, ಬೆಳಗ್ಗೆ ಕೆಲವು ಗಂಟೆ, ಮಧ್ಯಾಹ್ನ ಸ್ವಲ್ಪ ಹೊತ್ತು. ಋತುವಿಗೆ ತಕ್ಕಂತೆ ಸಮಯ ಬದಲಾಗುತ್ತದೆ, ಗಲಾಟೆಯಾದರೆ ಎಚ್ಚರಿಕೆ ಇಲ್ಲದೆ ಮುಚ್ಚುತ್ತಾರೆ. ಹಣ ತೆಗೆದುಕೊಂಡವನಿಗೆ ಇಷ್ಟು ತಿಳಿದಿರಬೇಕಿತ್ತು ಎಂಬ ಸಿಟ್ಟು ನನಗೆ ಈಗಲೂ ಇದೆ. ಹೋಗುವವರು ಭಾನುವಾರದಿಂದ ಗುರುವಾರದೊಳಗೆ ಬೆಳಗ್ಗೆ ಬೇಗ ಸಾಲು ಹಿಡಿಯಿರಿ. ತೋಳು, ಕಾಲು ಮುಚ್ಚುವ ಬಟ್ಟೆ ಇರಲಿ. ಜಪಸರ, ಪ್ರಾರ್ಥನಾ ಪುಸ್ತಕಗಳನ್ನು ರೂಮಿನಲ್ಲೇ ಬಿಟ್ಟು ಹೋಗಿ, ಇವಳದ್ದನ್ನು ತಪಾಸಣೆಯಲ್ಲಿ ತೆಗೆದಿಟ್ಟುಕೊಂಡರು.

ಶಿಲುಬೆ ಹಾದಿ ಮುಗಿಯುವುದು ಪವಿತ್ರ ಸಮಾಧಿಯ ಚರ್ಚಿನಲ್ಲಿ. ಗ್ರೀಕ್ ಆರ್ಥೊಡಾಕ್ಸ್, ಕ್ಯಾಥೊಲಿಕ್, ಅರ್ಮೇನಿಯನ್, ಕಾಪ್ಟಿಕ್, ಸಿರಿಯಕ್, ಇಥಿಯೋಪಿಯನ್, ಹೀಗೆ ಆರು ಪಂಗಡಗಳು ಅಲ್ಲಿ ಜಾಗ ಹಂಚಿಕೊಂಡಿವೆ. ಬಾಗಿಲಿನ ಕೀಲಿಕೈ ಮಾತ್ರ ಈ ಆರರಲ್ಲಿ ಯಾರ ಬಳಿಯೂ ಇಲ್ಲ. ಅದು ಜೂದೆ ಎಂಬ ಮುಸ್ಲಿಂ ಮನೆತನದ ಬಳಿ ಇದೆ, ಬಾಗಿಲು ತೆರೆಯುವ ಹಕ್ಕು ನುಸೈಬೆ ಎಂಬ ಇನ್ನೊಂದು ಮುಸ್ಲಿಂ ಮನೆತನದ್ದು. ಸಮಾಧಿಯ ಮುಂದಿನ ಸಾಲು, ಹಿಂದಿನಿಂದ ನೂಕುವವರು, ಫೋನ್ ಎತ್ತಿ ಹಿಡಿದವರು, ಇದು ಯಾವುದೂ ನನಗೆ ರುಚಿಸಲಿಲ್ಲ. ಒಳಹೊಕ್ಕ ಕೂಡಲೆ ಬಲಕ್ಕೆ ಕಡಿದಾದ ಮೆಟ್ಟಿಲು ಹತ್ತಿದರೆ ಕಲ್ವಾರಿ. ಗ್ರೀಕರ ಪೀಠದ ಕೆಳಗೆ ಬೆಳ್ಳಿಯ ಬಿಲ್ಲೆ, ನಡುವೆ ತೂತು. ಅದರೊಳಗೆ ಕೈ ಇಳಿಸಿದರೆ ತಣ್ಣನೆಯ ಬಂಡೆ ತಾಗುತ್ತದೆ. ಶಿಲುಬೆ ನೆಟ್ಟದ್ದು ಅಲ್ಲಿ ಎಂಬುದು ನಂಬಿಕೆ. ಇವಳು ಮಂಡಿಯೂರಿ, ಪೀಠದ ಕೆಳಗೆ ಅರ್ಧ ಮೈ ತೂರಿಸಿ, ಮೊಣಕೈವರೆಗೆ ಕೈ ಇಳಿಸಿದಳು. ಎದ್ದಾಗ ಕಣ್ಣು, ಮೂಗು ಎಲ್ಲ ಒದ್ದೆ. "ಇದೇ ಅಕ್ಕಾ. ಇದು ಇಲ್ಲದಿದ್ದರೆ ಮತ್ತೆಂತದೂ ಇಲ್ಲ" ಎಂದಳು.

ಭಕ್ತಿಯ ಆವೇಶದಲ್ಲಿ ಆಡಿದ ಮಾತಲ್ಲ ಅದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅದನ್ನೇ ಹೇಳುತ್ತಾರೆ: ಕ್ರಿಸ್ತರು ಸತ್ತು ಎದ್ದು ಬರಲಿಲ್ಲವೆಂದಾದರೆ ನಮ್ಮ ಬೋಧನೆಯೂ ವ್ಯರ್ಥ, ನಿಮ್ಮ ವಿಶ್ವಾಸವೂ ವ್ಯರ್ಥ.

ಭಾನುವಾರ ಬೆಳಗ್ಗೆ ಹರಮ್ ಒಳಗೆ ಹೋದೆವು. ಈ ಪ್ರವಾಸದಲ್ಲಿ ನಾನು ಕಂಡ ಅತ್ಯಂತ ಸುಂದರವಾದ ಕಟ್ಟಡ ಆ ಎಂಟು ಮೂಲೆಯ ಡೋಮ್ ಆಫ್ ದಿ ರಾಕ್. ಇದರಲ್ಲಿ ನನಗೆ ಎರಡು ಮಾತಿಲ್ಲ. ನೀಲಿ ಹೆಂಚು, ಅದರ ಮೇಲೆ ಹರಿಯುವ ಬಿಳಿ ಅಕ್ಷರ, ಒಂದು ಮನುಷ್ಯನ ಚಿತ್ರವಿಲ್ಲ, ಒಂದು ಮುಖವಿಲ್ಲ. ನಮ್ಮಂಥವರನ್ನು ಒಳಗೆ ಬಿಡುವುದಿಲ್ಲ. ಆದರೆ ಒಳಗೆ ಏನು ಬರೆದಿದೆ ಎಂಬುದನ್ನು ಹೊರಡುವ ಮುಂಚೆಯೇ ಓದಿಕೊಂಡಿದ್ದೆ. ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್ ಹಿಜರಿ 72ರಲ್ಲಿ, ಅಂದರೆ 691-92ರಲ್ಲಿ ಇದನ್ನು ಕಟ್ಟಿಸಿದ. ಒಳಗಿನ ಕಮಾನುಗಳ ನೆತ್ತಿಯಲ್ಲಿ ಸುಮಾರು 240 ಮೀಟರ್ ಉದ್ದಕ್ಕೆ ಚಿನ್ನದ ಮೊಸಾಯಿಕ್ ಅಕ್ಷರಗಳಲ್ಲಿ ಒಂದು ಶಾಸನವಿದೆ. ಅದು ಯೇಸುವಿನ ಬಗ್ಗೆ. ಗ್ರಂಥದವರೇ, ನಿಮ್ಮ ಧರ್ಮದಲ್ಲಿ ಎಲ್ಲೆ ಮೀರಬೇಡಿ, ಮರ್ಯಮಳ ಮಗ ಈಸಾ ಮಸೀಹ (ಅಂದರೆ ಯೇಸು ಕ್ರಿಸ್ತ) ಅಲ್ಲಾಹನ ದೂತ, ಅವನ ವಚನ, ಮೂರು ಎನ್ನಬೇಡಿ, ಅಲ್ಲಾಹನು ಒಬ್ಬನೇ, ಮಗನನ್ನು ಪಡೆಯುವುದು ಅವನಿಗೆ ಸಲ್ಲದು. ಹೆಚ್ಚುಕಡಿಮೆ ಇದು ಅದರ ಸಾರ, ಕುರ್‌ಆನಿನ ನಾಲ್ಕನೆಯ ಅಧ್ಯಾಯದ್ದು.

ಈ ಗುಮ್ಮಟದ ಅಗಲ ಸುಮಾರು 20 ಮೀಟರ್. ಪವಿತ್ರ ಸಮಾಧಿಯ ಮೇಲಿನ ಗುಮ್ಮಟವೂ ಸರಿಸುಮಾರು ಅಷ್ಟೇ. ಒಂದೇ ಊರಿನಲ್ಲಿ, ಕಾಲ್ನಡಿಗೆಯಲ್ಲಿ ಹತ್ತು-ಹದಿನೈದು ನಿಮಿಷದ ದೂರದಲ್ಲಿ, ಒಂದು ಕಟ್ಟಡ ಇನ್ನೊಂದಕ್ಕೆ ಕೊಟ್ಟ ಉತ್ತರ ಇದು. ಅಲ್ಲಿ ಕ್ರೈಸ್ತರು ಹೇಳುವ ವಿಶ್ವಾಸ ಪ್ರಮಾಣ 325ರಲ್ಲಿ ನಿಸೇಯದಲ್ಲಿ ನಡೆದ ಬಿಷಪರ ಸಭೆಯಿಂದ ಬಂದದ್ದು. ಮಗನು ತಂದೆಯಿಂದ ಜನಿಸಿದವನು, ಸೃಷ್ಟಿಯಾದವನಲ್ಲ ಎನ್ನುತ್ತದೆ ಅದು. ಇಲ್ಲಿನ ಗೋಡೆಯ ಮೇಲಿನ, ಕುರ್‌ಆನಿನ ಇಖ್ಲಾಸ್ ಅಧ್ಯಾಯ ಹೇಳುವುದು: ದೇವರು ಹೆತ್ತವನಲ್ಲ, ಹುಟ್ಟಿದವನೂ ಅಲ್ಲ.

ನಮ್ಮಲ್ಲಿ ವೇದಿಕೆ ಹತ್ತಿದವರು "ಎಲ್ಲ ಧರ್ಮಗಳೂ ಹೇಳುವುದು ಒಂದೇ" ಎಂದು ಯೇಸು, ಪೈಗಂಬರ್, ಕೃಷ್ಣ ಎಲ್ಲರನ್ನೂ ಒಂದೇ ಉಸಿರಿಗೆ ಪೋಣಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಎದುರಿಗಿರುವವನು ಪ್ರಾಣಕ್ಕಿಂತ ಹೆಚ್ಚಾಗಿ ಹಿಡಿದುಕೊಂಡದ್ದನ್ನು ಕೇಳಿಸಿಕೊಳ್ಳದೆಯೇ ಆ ಮಾತು ಮುಗಿದುಹೋಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದು ಅದೇ ದಿನ ಮಧ್ಯಾಹ್ನ, ಆಲಿವ್ ಗುಡ್ಡದ ಮೇಲೆ.

ಗುಡ್ಡದ ನೆತ್ತಿಯಲ್ಲಿ ಅಟ್-ತೂರ್ ಎಂಬ ಹಳ್ಳಿ. ಅಲ್ಲಿ ಯೇಸುವಿನ ಸ್ವರ್ಗಾರೋಹಣದ ಗುಡಿ ಇದೆ. ಕ್ರೂಸೇಡರ್ ಕಾಲದ ಪುಟ್ಟ ಎಂಟು ಮೂಲೆಯ ಕಟ್ಟಡ, ಕಂಬಗಳ ತಲೆಯಲ್ಲಿ ಎಲೆ, ಬಳ್ಳಿ, ವಿಚಿತ್ರ ಪ್ರಾಣಿಗಳ ಕೆತ್ತನೆ. ಕ್ರೂಸೇಡರರಿಂದ ಜೆರುಸಲೇಮ್ ಗೆದ್ದ ಸಲಾಹುದ್ದೀನನ ಕಾಲದಲ್ಲಿ ಅದು ಮುಸ್ಲಿಮರ ಕೈಗೆ ಬಂತು, ಇಂದಿಗೂ ಅವರ ವಕ್ಫ್ ಆಸ್ತಿ. ಒಳಗೆ ಮೆಕ್ಕಾದ ದಿಕ್ಕು ತೋರಿಸುವ ಗೋಡೆಯ ಗೂಡು, ಮಿಹ್ರಾಬ್, ಇದೆ. ನೆಲದಲ್ಲಿ ಕಲ್ಲಿನ ಚೌಕಟ್ಟಿನೊಳಗೆ ಒಂದು ಬಂಡೆ, ಅದರಲ್ಲಿ ಬಲಗಾಲಿನ ಗುರುತು. ಯೇಸು ಆಕಾಶಕ್ಕೆ ಏರುವಾಗ ಕೊನೆಯದಾಗಿ ಊರಿದ ಹೆಜ್ಜೆ ಎಂದು ಹೇಳುತ್ತಾರೆ. ಬಾಗಿಲಲ್ಲಿ ಒಬ್ಬ ಮುಸ್ಲಿಂ ಅಜ್ಜ ಕೂತು ಟಿಕೆಟ್ ಹರಿಯುತ್ತಿದ್ದರು. ಟೂರಿಸ್ಟ್ ಬಸ್ಸುಗಳು ಹೋಗಿಯಾಗಿತ್ತು, ನಾವಿಬ್ಬರೇ. ಇವಳು ಕಲ್ಲನ್ನು ಮುಟ್ಟಿ ಎದ್ದು, ಅಜ್ಜನ ಹತ್ತಿರ ಹೀಬ್ರೂನಲ್ಲಿ ಕೇಳಿಯೇಬಿಟ್ಟಳು: "ನೀವು ಇದನ್ನು ನಂಬುತ್ತೀರಾ?" ಅಲ್ಲಿಂದ ಮುಂದಿನದನ್ನೆಲ್ಲ ನನಗೆ ಕನ್ನಡಕ್ಕೆ ಹೇಳುತ್ತ ಹೋದಳು.

"ನಂಬದೆ ಇರುವುದು ಹೇಗೆ?" ಎಂದರು ಅಜ್ಜ. "ಈಸಾ ಅಲೈಹಿಸ್ಸಲಾಂ ಅವರನ್ನು ಅಲ್ಲಾಹನು ಮೇಲೆ ಎತ್ತಿಕೊಂಡ. ಅವರು ಮಸೀಹ. ಕನ್ಯೆಯ ಮಗ. ಕುಷ್ಠ ವಾಸಿ ಮಾಡಿದವರು, ಸತ್ತವರನ್ನು ಎಬ್ಬಿಸಿದವರು. ಕಡೆಗಾಲದಲ್ಲಿ ಮತ್ತೆ ಬರುತ್ತಾರೆ. ಅವರ ತಾಯಿಯ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಹೆಸರು ಹಿಡಿದು ಹೇಳಿದ ಹೆಂಗಸು ಅವರೊಬ್ಬರೇ."

ಇವಳ ಮುಖ ಅರಳಿತು. "ನೋಡಿ ಅಕ್ಕಾ, ಎಲ್ಲ ನಮ್ಮದೇ."

"ಆದರೆ ಸಾಯಲಿಲ್ಲ" ಎಂದರು ಅಜ್ಜ. "ಕೊಲ್ಲಲೂ ಇಲ್ಲ, ಶಿಲುಬೆಗೆ ಏರಿಸಲೂ ಇಲ್ಲ. ವೈರಿಗಳಿಗೆ ಹಾಗೆ ತೋರಿತು ಅಷ್ಟೇ."

ಅವಳು ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಕೂತಳು. ಹೊರಡುವ ಲಕ್ಷಣ ಇರಲಿಲ್ಲ. ಅಜ್ಜ ಒಳಗಿನಿಂದ ಚಹಾ ತರಿಸಿದರು. ಮರಮಿಯಾ ಎಂಬ ಘಮಘಮ ಸೊಪ್ಪು ಹಾಕಿದ, ಹಾಲಿಲ್ಲದ, ಸಕ್ಕರೆ ಸುರಿದ ಚಹಾ. ಹೋಟೆಲಿನ ಕಾಫಿಗಿಂತ ನೂರು ಪಾಲು ಮೇಲು.

"ನಾನು ನೋಡಿಕೊಳ್ಳುವ ಅಜ್ಜಿಗೆ ರಾತ್ರಿ ನೋವು ಬರುತ್ತದೆ" ಎಂದಳು ಇವಳು. "ನಾನು ಕೈ ಹಿಡಿದು ಕೂತಿರುತ್ತೇನೆ, ಅಷ್ಟೇ ಮಾಡಲಿಕ್ಕಾಗುವುದು. ಆಗೆಲ್ಲ ಶಿಲುಬೆಯನ್ನು ನೆನೆಯುತ್ತೇನೆ. ದೇವರೇ ಇಳಿದು ಬಂದು ಆ ನೋವು ತಿಂದಿದ್ದಾರೆ. ಅವರು ಸಾಯಲಿಲ್ಲ ಎಂದರೆ ನನಗೆ ಉಳಿಯುವುದೆಂತ?"

ಅಜ್ಜ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಮಗಳೇ, ದೇವರು ನೋವು ತಿಂದ ಎಂದು ನನ್ನ ಬಾಯಲ್ಲಿ ಬರುವುದಿಲ್ಲ. ಅವನಿಗೆ ಹಸಿವಿಲ್ಲ, ನಿದ್ರೆಯಿಲ್ಲ, ಸಾವಿಲ್ಲ. ಅವನು ಕರುಣೆ ತೋರಿಸಲು ಮನುಷ್ಯನಾಗಬೇಕಿಲ್ಲ. ಮತ್ತೆ ತನ್ನ ಮಸೀಹನನ್ನು ವೈರಿಗಳ ಕೈಗೆ ಬಿಟ್ಟು ಅವನು ನೋಡುತ್ತ ಕೂರುತ್ತಾನೆಯೇ?"

"ಸ್ನಾನಿಕ ಯೊವಾನ್ನರ ತಲೆ ಕಡಿಯುವಾಗ ಬಿಟ್ಟನಲ್ಲ?"

ಆ ಪ್ರಶ್ನೆ ನಾಟಿತು. ಅಜ್ಜ ಗ್ಲಾಸ್ ಕೆಳಗಿಟ್ಟರು. ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೊವಾನ್ನರು ಅವರಿಗೆ ಯಹ್ಯಾ ಪ್ರವಾದಿ. ಆ ತಲೆಯ ಗೋರಿ ಎಂದು ನಂಬುವ ಜಾಗ ಇರುವುದು ದಮಾಸ್ಕಸ್ಸಿನ ದೊಡ್ಡ ಮಸೀದಿಯ ಒಳಗೆ. "ಯಾರಿಗೆ ಏನು ಎಂಬುದು ಅಲ್ಲಾಹನ ತೀರ್ಮಾನ" ಎಂದರು ತಡೆದು. "ಯಹ್ಯಾ ಹುತಾತ್ಮರಾದರು. ಈಸಾ ಅವರ ವಿಷಯದಲ್ಲಿ ಗ್ರಂಥ ಬಿಡಿಸಿ ಹೇಳಿದೆ. ಅದರ ಮೇಲೆ ನಾನು ಹೇಳುವುದೇನಿದೆ?"

ಆಮೇಲೆ ಮಾತು ಪಾಪದ ಕಡೆಗೆ ಹೊರಳಿತು. ಆದಾಮನ ಪಾಪ ಮನುಷ್ಯಕುಲಕ್ಕೆಲ್ಲ ಅಂಟಿತು, ಅದನ್ನು ತೊಳೆಯಲು ಯೇಸು ಬಲಿಯಾದರು ಎಂದು ಇವಳು ಹೇಳಿದರೆ, ಅಜ್ಜ ಇಲ್ಲವೆಂದು ತಲೆಯಾಡಿಸಿದರು. ಆದಮ್ ತಪ್ಪು ಮಾಡಿದರು, ಕ್ಷಮೆ ಕೇಳಿದರು, ಅಲ್ಲಾಹನು ಕ್ಷಮಿಸಿದ, ಅಲ್ಲಿಗೆ ಮುಗಿಯಿತು. ಒಬ್ಬರ ಹೊರೆ ಇನ್ನೊಬ್ಬರು ಹೊರುವುದಿಲ್ಲ ಎಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಹುಟ್ಟುವ ಮಗು ಶುದ್ಧವಾಗಿಯೇ ಹುಟ್ಟುತ್ತದೆ. ನನಗೆ ಗಂಟು ಕಂಡದ್ದು ಇಲ್ಲಿ. ಅಂಟಿದ ಪಾಪವೇ ಇಲ್ಲವಾದರೆ ಬಲಿ ಬೇಕಿಲ್ಲ, ಬಲಿ ಬೇಡವಾದರೆ ದೇವರು ಮನುಷ್ಯನಾಗಿ ಬರಬೇಕಾದ ಕಾರಣವೂ ಇಲ್ಲ. ಒಂದು ಎಳೆ ಎಳೆದರೆ ಉಳಿದವೆಲ್ಲ ಜೊತೆಗೇ ಬರುತ್ತವೆ. ಇವಳಿಗೂ ಅದು ಗೊತ್ತಿತ್ತು, ಅಜ್ಜನಿಗೂ ಗೊತ್ತಿತ್ತು. ಅದಕ್ಕೇ ಇಬ್ಬರೂ ಒಂದು ಎಳೆಯನ್ನೂ ಬಿಟ್ಟುಕೊಡಲಿಲ್ಲ.

ಒಂದು ಕಡೆ ಮಾತ್ರ ಇವಳು ದನಿ ಏರಿಸಿದಳು. "ಮೂರು ದೇವರು ಅಂತ ನಾವು ಹೇಳುವುದೇ ಇಲ್ಲ. ಪಿತ, ಸುತ, ಪವಿತ್ರಾತ್ಮ, ದೇವರು ಒಬ್ಬರೇ. ನಮ್ಮ ವಿಶ್ವಾಸ ಪ್ರಮಾಣ ಶುರುವಾಗುವುದೇ ಒಬ್ಬರೇ ದೇವರನ್ನು ನಂಬುತ್ತೇನೆ ಅಂತ." ಅಜ್ಜ ನಕ್ಕರು. "ಒಬ್ಬನೇ ಅಂದೆಯಲ್ಲ, ಅಲ್ಲೇ ನಿಲ್ಲಿಸಬೇಕಿತ್ತು."

ಪಕ್ಕದಲ್ಲಿ ಕೂತು ಕೇಳುತ್ತಿದ್ದ ನನಗೆ ಇನ್ನೊಂದು ಹೊಳೆಯಿತು. ನಾವು ಹೊರಗಿನವರು ಯೇಸುವಿಗೆ ಪೈಗಂಬರರನ್ನು, ಬೈಬಲಿಗೆ ಕುರ್‌ಆನನ್ನು ಜೋಡಿ ಮಾಡುತ್ತೇವೆ. ಆದರೆ ದೇವರ ವಚನ ಲೋಕಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ಕ್ರೈಸ್ತರು ಒಬ್ಬ ವ್ಯಕ್ತಿಯನ್ನು ತೋರಿಸುತ್ತಾರೆ, ಮುಸ್ಲಿಮರು ಒಂದು ಗ್ರಂಥವನ್ನು. ಬೈಬಲ್ ಪವಿತ್ರಾತ್ಮದ ಪ್ರೇರಣೆಯಿಂದ ಮನುಷ್ಯರು ಬರೆದದ್ದು ಎಂದು ಹೇಳಲು ಇವಳಿಗೆ ಸಂಕೋಚವಿಲ್ಲ. ಕುರ್‌ಆನಿನ ಬಗ್ಗೆ ಅಜ್ಜ ಹಾಗೆ ಹೇಳಲಾರರು. ಅದು ಅಕ್ಷರಕ್ಕೆ ಅಕ್ಷರ ಇಳಿದು ಬಂದದ್ದು. ಅಲ್ಲಿ ಬಂಡೆಗೆ ಕೈ ಇಳಿಸಿ ಅತ್ತದ್ದು, ಇಲ್ಲಿ ಚಿನ್ನದ ಅಕ್ಷರವನ್ನು ಗುಮ್ಮಟದ ಸುತ್ತ ಬರೆಸಿದ್ದು, ಎರಡೂ ಆಗ ಅರ್ಥವಾದವು.

ಅಜ್ಜ ಅಂಗಳದ ಗೋಡೆಯಲ್ಲಿನ ಕಬ್ಬಿಣದ ಕೊಕ್ಕೆಗಳನ್ನು ತೋರಿಸಿದರು. ಸ್ವರ್ಗಾರೋಹಣದ ಹಬ್ಬಕ್ಕೆ ಬೇರೆ ಬೇರೆ ಪಂಗಡದವರು ಬಂದು ಅವಕ್ಕೆ ಡೇರೆ ಕಟ್ಟುತ್ತಾರೆ, ಫ್ರಾನ್ಸಿಸ್ಕನ್ನರು ಒಳಗೆ ಬಲಿಪೂಜೆ, ಅಂದರೆ ಮಾಸ್, ಮಾಡುತ್ತಾರೆ. "ಆಗ ಬಾ" ಎಂದರು ಇವಳಿಗೆ. ಈಸ್ಟರಿನ ನಲವತ್ತನೆಯ ದಿನ, ಗುರುವಾರ. ಬೆಥ್ಲೆಹೇಮ್ ನೋಡಿ ನಾನು ಊರಿಗೆ ಮರಳಿದೆ.

ಮೇ ತಿಂಗಳಲ್ಲಿ ಅವಳು ರಜೆ ಕೇಳಿಕೊಂಡು ಹೋದಳು. ರಾತ್ರಿ ಫೋನಿನಲ್ಲಿ ಅರ್ಧ ಗಂಟೆ ಅದನ್ನೇ ಹೇಳಿದಳು. ಅಜ್ಜ ಗುರುತು ಹಿಡಿದರಂತೆ. ಪೂಜೆ ಮುಗಿಯುವುದನ್ನೇ ಕಾದು ಕೇಳಿದರಂತೆ: "ಅವರು ದೇವರಾಗಿದ್ದರೆ, ಶಿಲುಬೆಯ ಮೇಲಿಂದ 'ನನ್ನ ದೇವರೇ, ಏಕೆ ಕೈಬಿಟ್ಟೆ' ಎಂದು ಕೂಗಿದ್ದು ಯಾರನ್ನು?" ಇವಳು ಆ ಪ್ರಶ್ನೆಗೆ ತಯಾರಾಗಿಯೇ ಹೋಗಿದ್ದಳು. ಅದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು, ಕೀರ್ತನೆ ಮುಗಿಯುವುದು ದೇವರ ಸ್ತುತಿಯಲ್ಲಿ, ಪೂರ್ತಿ ಓದಿ ನೋಡಿ ಎಂದಳಂತೆ. ಕೀರ್ತನೆ ಬರೆದವರು ದಾವೀದರು ಎಂದದ್ದೇ ತಡ, "ದಾವೂದ್ ನಮ್ಮ ಪ್ರವಾದಿಯೂ ಹೌದು, ಜಬೂರ್ ಗ್ರಂಥ ಇಳಿದದ್ದು ಅವರಿಗೇ" ಎಂದು ಅಜ್ಜ ಕುರ್ಚಿ ಎಳೆದುಕೊಂಡು ಕೂತರಂತೆ.