ಆ ರಾತ್ರಿಯ ಕ್ಯಾಮೆರಾದಲ್ಲಿ ಏನಿದೆ

ಅಂಗಡಿಯ ಶಟರ್ ಅರ್ಧ ಇಳಿಸಿದ್ದೆ. "ತಂಗೀ, ಒಂದು ಅರ್ಜಿ ಐತವ್ವಾ" ಅಂತ ಆಟೋ ಓಡಿಸುವ ಯಜಮಾನರೊಬ್ಬರು ಬಗ್ಗಿ ಒಳಗೆ ಬಂದರು. ಜೊತೆಗೆ ಮಗ, ಇಪ್ಪತ್ತರ ಆಸುಪಾಸು. ಹಿಂದಿನ ವಾರ ವಿಚಾರಣೆಗೆಂದು ರಾತ್ರಿ ಠಾಣೆಗೆ ಕರೆದೊಯ್ದು ಬೆಳಗಿನ ಜಾವ ಬಿಟ್ಟಿದ್ದರಂತೆ. ಕೇಸಿಲ್ಲ, ಕಾಗದವಿಲ್ಲ. ಹುಡುಗನ ಬಲಗೈ ಬೆರಳು ಮಡಚಲು ಬರುತ್ತಿರಲಿಲ್ಲ. ಅಂಗೈ ಊದಿ, ಗೆರೆಗಳೇ ಕಾಣುತ್ತಿರಲಿಲ್ಲ.

"ಹೊಡೆದ್ರು ಅಂತ ಬರೀಬ್ಯಾಡ. ಆ ರಾತ್ರಿ ಸ್ಟೇಷನ್ ಕ್ಯಾಮೆರಾದಾಗ ಏನೈತಿ, ಅಷ್ಟು ಕೇಳು" ಅಂದರು ಅಪ್ಪ. ಠಾಣೆಯಲ್ಲಿ ಬಾಯಿಮಾತಲ್ಲಿ ಕೇಳಿದ್ದಕ್ಕೆ ಕ್ಯಾಮೆರಾ ಕೆಟ್ಟಿದೆ ಎಂಬ ಉತ್ತರ ಸಿಕ್ಕಿತ್ತು.

ದಾವಣಗೆರೆಯಲ್ಲಿ ಡಿಟಿಪಿ ಅಂಗಡಿ ಇಟ್ಟವಳಿಗೆ ಇಂಥ ಅರ್ಜಿ ಹೊಸತಲ್ಲ. ಆದರೆ ಆ ಅಂಗೈ ಕಣ್ಣಿಂದ ಹೋಗುತ್ತಿಲ್ಲ.

2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿದ್ದು ಸ್ಪಷ್ಟವಾಗಿದೆ. ಠಾಣೆಯ ಬಾಗಿಲು, ಲಾಕಪ್, ಪಡಸಾಲೆ, ಇನ್ಸ್‌ಪೆಕ್ಟರ್ ಕೊಠಡಿ, ಯಾವುದೂ ಕ್ಯಾಮೆರಾ ಕಣ್ಣು ತಪ್ಪಬಾರದು. ಚಿತ್ರದ ಜೊತೆ ಧ್ವನಿಯೂ ಇರಬೇಕು. ಆ ರೆಕಾರ್ಡಿಂಗನ್ನು 18 ತಿಂಗಳು, ಅಷ್ಟು ಉಳಿಸುವ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ, ಜೋಪಾನ ಮಾಡಬೇಕು. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಕೂಡಲೇ ಜಿಲ್ಲಾ ಸಮಿತಿಗೆ ತಿಳಿಸಬೇಕು. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ ಜೊತೆ ನಗರದ ಮೇಯರ್‌ಗೂ ಜಾಗ ಕೊಟ್ಟಿದೆ ಕೋರ್ಟ್. ನಮ್ಮಲ್ಲಿಗೆ ಝೆರಾಕ್ಸಿಗೆ ಬರುವ ಮಾಜಿ ಕಾರ್ಪೊರೇಟರ್ ಒಬ್ಬರನ್ನು ಕೇಳಿದೆ. ಅಂಥದ್ದೊಂದು ಸಮಿತಿ ಇದೆಯೆಂದೇ ಅವರು ಕೇಳಿರಲಿಲ್ಲ.

ಠಾಣೆಯ ಕ್ಯಾಮೆರಾಕ್ಕೆ ದುಡ್ಡಿಲ್ಲ ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪಲಾರೆ. ಪೊಲೀಸ್ ರಾಜ್ಯಪಟ್ಟಿಯ ವಿಷಯವೇ ಹೌದು, ಆದರೂ ಪೊಲೀಸ್ ಆಧುನೀಕರಣಕ್ಕೆ 1969-70ರಿಂದಲೂ ದಿಲ್ಲಿಯ ಹಣ ಬರುತ್ತಿದೆ. ಕರ್ನಾಟಕದ ಪಾಲಿಗೆ ಆ ಯೋಜನೆಯಲ್ಲಿ ನೂರಕ್ಕೆ ಕೇಂದ್ರದ್ದು 60, ರಾಜ್ಯದ್ದು 40. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಇತ್ತು. ಐದು ವರ್ಷಕ್ಕೆ ಕೇಂದ್ರ 500 ಕೋಟಿ, ರಾಜ್ಯದ್ದೂ ಅಷ್ಟೇ ಅಂತ ಯೋಜನೆಯ ಲೆಕ್ಕ. ಆ ಯೋಜನೆಯಿಂದ ಬೀದಿಗೆ ಕ್ಯಾಮೆರಾ ಬಂತು, ಅವನ್ನು ಕೂತು ನೋಡುವ ಕಂಟ್ರೋಲ್ ರೂಮೂ ಬಂತು. ಹೆಲ್ಮೆಟ್ ಇಲ್ಲದೆ ಸಿಗ್ನಲ್ ದಾಟಿದ ನನ್ನ ತಮ್ಮನ ಫೋಟೊ ಸಮೇತ ದಂಡದ ಚೀಟಿ ಮನೆಗೇ ಬಂದಿತ್ತು. ತಪ್ಪು ಅವನದೇ, ಕಟ್ಟಿದ. ಬೀದಿಯಲ್ಲಿ ನಮ್ಮನ್ನು ಅಷ್ಟು ಚೆನ್ನಾಗಿ ಕಾಣುವ ಕ್ಯಾಮೆರಾ ಠಾಣೆಯ ಒಳಗೆ ಯಾಕೆ ಕೆಡಬೇಕು?

ಹೀಗೆ ದಿಲ್ಲಿಯಿಂದ ಬಂದ ಹಣದ ಬಳಕೆ ಪ್ರಮಾಣಪತ್ರವನ್ನು ನಾನೇ ಟೈಪ್ ಮಾಡಿಕೊಟ್ಟಿದ್ದೇನೆ. ಕೇಂದ್ರದ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಸಿ ಅಂತ ನಮೂನೆ. ಮಂಜೂರಾದ ಉದ್ದೇಶಕ್ಕೇ ಹಣ ಖರ್ಚಾಗಿದೆ ಅಂತ ಬರೆದು, ಸಹಿ, ಮೊಹರು ಹಾಕಿದರೆ ದಿಲ್ಲಿಗೆ ಲೆಕ್ಕ ಒಪ್ಪಿಸಿದಂತೆ. ಠಾಣೆಯ ಬೆಂಚಿನ ಮೇಲೆ ರಾತ್ರಿಯಿಡೀ ಕೂತಿದ್ದ ಅಪ್ಪನಿಗೆ ಲೆಕ್ಕ ಒಪ್ಪಿಸುವ ನಮೂನೆ ಮಾತ್ರ ನನ್ನ ಕೈಗೆ ಯಾವತ್ತೂ ಬಂದಿಲ್ಲ.

ಅವತ್ತೇ ಕೂತು ಮೊದಲು ದೃಶ್ಯ ಅಳಿಸದಂತೆ ಕಾಯ್ದಿಡಿ ಅಂತ ಎಸ್‌ಪಿಯವರಿಗೆ ಪತ್ರ, ಅದನ್ನು ತರಿಸಿಕೊಳ್ಳಿ ಅಂತ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆದೆ. ದೂರಿನಲ್ಲಿ ಹೊಡೆದ ವಿಷಯ ಬರೆಯದೆ ಆಗುವುದಿಲ್ಲ ಅಂದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಬರಿಯವ್ವಾ" ಅಂದರು. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಾಗಾಗಿ ದೃಶ್ಯಕ್ಕೊಂದು, ಜಿಲ್ಲಾ ಸಮಿತಿಯ ಸಭಾ ನಡಾವಳಿಗೊಂದು, ಹತ್ತತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಹುಡುಗ ಎಡಗೈಯಲ್ಲಿ ಸಹಿ ಮಾಡಿದ.

ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಬೇಕಾದ ಮೂವತ್ತು ದಿನ ಕಳೆದು ಇವತ್ತಿಗೆ ನಾಲ್ಕು ದಿನ. ಉತ್ತರವಿಲ್ಲ. ಅದೇ ಕಾಯ್ದೆಯ 19(1)ನೇ ಕಲಮಿನ ಮೊದಲ ಮೇಲ್ಮನವಿ ಟೈಪ್ ಮಾಡಿಟ್ಟಿದ್ದೆ. ಮಧ್ಯಾಹ್ನ ಹುಡುಗ ಒಬ್ಬನೇ ಬಂದ. ಊತ ಇಳಿದಿದೆ. ಪೆನ್ನು ಹಿಡಿದವನು ನಿಂತುಬಿಟ್ಟ.

"ಅಕ್ಕಾ, ಈಗ ಬಲಗೈಲಿ ಮಾಡಿದ್ರೆ ಸಹಿ ಬ್ಯಾರೆ ಆಗ್ತೈತಲ್ಲ?"

ಎರಡೂ ನಿನ್ನವೇ, ಮಾಡಪ್ಪ ಅಂದೆ.