ವಿತ್ರ್ ಮುಗಿದ ಮೇಲಿನ ನಗು

ರಮಝಾನಿನ ರಾತ್ರಿ, ಹೊಸದಾಗಿ ಇಸ್ಲಾಂ ಸ್ವೀಕರಿಸಿದವರೊಬ್ಬರು ಮಸೀದಿಯಲ್ಲಿ ತಮ್ಮ ದಾರಿಯ ಕಥೆ ಹೇಳುವುದಿದ್ದರೆ ಮೊದಲು ಹೊತ್ತು ನೋಡಿಕೊಳ್ಳಬೇಕು. ರಮಝಾನಿನ ರಾತ್ರಿಯ ವಿಶೇಷ ನಮಾಝಾದ ತರಾವೀಹ್ ಮುಗಿದ ತಕ್ಷಣ ಮಾತಿಗೆ ನಿಲ್ಲಿಸಬಾರದು, ಅದರ ನಂತರದ ವಿತ್ರ್ ನಮಾಝ್ ಕೂಡ ಆಗಲಿ. ನಕ್ಕವರು ಮತ್ತೆ ನಮಾಝಿಗೆ ಸಫ್ (ಸಾಲು) ಕಟ್ಟಿದರೆ ನಡುವೆ ಯಾರಿಗಾದರೂ ಅದು ನೆನಪಾಗಿ ಉಕ್ಕಿಬರುತ್ತದೆ. ಹನಫಿ ಮದ್‌ಹಬ್‌ನಲ್ಲಿ (ಮದ್‌ಹಬ್ ಎಂದರೆ ಇಸ್ಲಾಮಿನ ಧರ್ಮಶಾಸ್ತ್ರದ ಪಂಥ) ನಮಾಝಿನೊಳಗೆ ಗಟ್ಟಿಯಾಗಿ ನಕ್ಕರೆ ನಮಾಝೂ ಹೋಯಿತು, ನಮಾಝಿಗೆ ಮುಂಚೆ ತೊಳೆದುಕೊಂಡು ಮಾಡುವ ಶುದ್ಧಿ, ವುಝೂ ಕೂಡ ಹೋಯಿತು. ಮಲೆನಾಡಿನ ತಣ್ಣೀರಿನಲ್ಲಿ ಮತ್ತೆ ಕೈಕಾಲು ತೊಳೆಯಬೇಕು.

ತರಾವೀಹಿನ 20 ರಕಅತ್ (ನಮಾಝಿನ ಆವರ್ತ) ನಿಂತ ಕಾಲುಗಳಿವು. ಹದಿನೈದು ನಿಮಿಷ ಸಾಕು.

ನಗಿಸಲು ಏನನ್ನೂ ಕಟ್ಟಬೇಕಾಗಿಲ್ಲ, ಕಲಿಕೆಯ ಎಡವಟ್ಟುಗಳೇ ಧಾರಾಳ. ಕನ್ನಡದವರಿಗೆ ಇರುವುದು ಒಂದೇ 'ಕ'. ಅರಬಿಯಲ್ಲಿ ಎರಡು, ಅದರಲ್ಲಿ ಒಂದು ಗಂಟಲಾಳದ್ದು. ಆಳದಿಂದ ಬಂದರೆ 'ಕಲ್ಬ್' ಹೃದಯ, ಮೇಲೇ ಉಳಿದರೆ ನಾಯಿ. ಕನ್ನಡದಲ್ಲಿ ಬರೆದುಕೊಂಡು ಕಲಿತವರು ಹೃದಯಕ್ಕೆ ನೆಮ್ಮದಿ ಬೇಡಲು ಹೋಗಿ ನಾಯಿಗೆ ಬೇಡಿರುತ್ತಾರೆ. ಇದನ್ನು ಹೇಳಿ ಜನ ನಕ್ಕ ಮೇಲೆ ಹದೀಸನ್ನೂ (ಪ್ರವಾದಿಯವರ ನುಡಿ) ಹೇಳಬೇಕು: ತೊದಲುತ್ತ, ಕಷ್ಟಪಟ್ಟು ಕುರ್‌ಆನ್ ಓದುವವರಿಗೆ ಎರಡು ಪ್ರತಿಫಲ. ನಕ್ಕು ಹಗುರಾದ ಮನಸ್ಸಿನಲ್ಲಿ ಆ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ!

ತರಾವೀಹಿನಲ್ಲಿ ಸಜ್ದಾದ (ಹಣೆ ನೆಲಕ್ಕೂರುವ) ಆಯತ್, ಅಂದರೆ ಕುರ್‌ಆನಿನ ವಾಕ್ಯ, ಬಂದಾಗ ಇಮಾಮರು ನಿಂತಲ್ಲಿಂದ ನೇರ ಸಜ್ದಾಕ್ಕೆ ಹೋಗುತ್ತಾರೆ. ಗೊತ್ತಿಲ್ಲದವರು ರುಕೂಗೆ ಬಾಗಿ, ಸುತ್ತಲೂ ಯಾರೂ ಕಾಣದೆ ತಬ್ಬಿಬ್ಬಾಗುತ್ತಾರೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ಶಿವಮೊಗ್ಗ ಪೇಟೆಯ ಉರ್ದು ಮಾತಿನವರು ಹೆಚ್ಚಾಗಿ ಹನಫಿಗಳು, ಘಟ್ಟದ ಬ್ಯಾರಿಗಳು ಇನ್ನೊಂದು ಮದ್‌ಹಬ್‌ನವರು, ಶಾಫಿಗಳು. ಪೇಟೆಯಲ್ಲಿ ಕಲಿತವರು ಬ್ಯಾರಿಗಳ ಮಸೀದಿಗೆ ಬೆಳಗಿನ ಜಾವದ ಫಜರ್ ನಮಾಝಿಗೆ ಹೋದರೆ, ಎರಡನೇ ರಕಅತ್‌ನಲ್ಲಿ ರುಕೂನಿಂದ ಎದ್ದವರೇ ಸಜ್ದಾಕ್ಕೆ ಇಳಿದಿರುತ್ತಾರೆ. ಉಳಿದವರೆಲ್ಲ ಕೈಯೆತ್ತಿ ಕುನೂತ್ ಎಂಬ ಪ್ರಾರ್ಥನೆಯಲ್ಲಿ ನಿಂತಿರುತ್ತಾರೆ. ಎರಡೂ ಸರಿಯಾದ ಕ್ರಮ ಎಂಬುದನ್ನು ಇಷ್ಟು ಸಲೀಸಾಗಿ ಬೇರೆ ಯಾವ ಪಾಠವೂ ಕಲಿಸಲಾರದು.

ಪ್ರವಾದಿ ಮುಹಮ್ಮದ್ (ಸ) ತಾವೂ ತಮಾಷೆ ಮಾಡುತ್ತಿದ್ದರು. ಸವಾರಿಗೆ ಒಂಟೆ ಕೇಳಿದವನಿಗೆ 'ಒಂಟೆಯ ಮರಿ ಕೊಡುತ್ತೇನೆ' ಎಂದರು. ಮರಿ ಕಟ್ಟಿಕೊಂಡು ಏನು ಮಾಡಲಿ ಎಂದು ಅವನು ಪೆಚ್ಚಾದಾಗ, 'ಒಂಟೆಗೆ ಹುಟ್ಟದ ಒಂಟೆ ಇದೆಯೇ?' ಎಂದು ಕೇಳಿದರು. ಒಂದಕ್ಷರವೂ ಸುಳ್ಳಲ್ಲ. ಜನರನ್ನು ನಗಿಸಲು ಸುಳ್ಳು ಹೇಳುವವನಿಗೆ ನಾಶವಿದೆ ಎಂದು ಎಚ್ಚರಿಸಿದವರೂ ಅವರೇ. ಕಥೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮೊದಲ ಸಲ ನಕ್ಕವರನ್ನು ಎರಡನೇ ಸಲವೂ ನಗಿಸಬೇಕೆನಿಸಿ ಘಟನೆಗೆ ಬಾಲ ಬೆಳೆಯುತ್ತದೆ.

ಅದಕ್ಕಿಂತ ದೊಡ್ಡ ತಪ್ಪು, ಬಿಟ್ಟು ಬಂದ ಮನೆಯ ದೇವರನ್ನು ನಗೆಗೆ ಒಡ್ಡುವುದು. ಇತರರು ಪೂಜಿಸುವುದನ್ನು ಬೈಯಬೇಡಿ ಎಂದು ಕುರ್‌ಆನ್ (6:108) ಸ್ಪಷ್ಟವಾಗಿ ತಡೆದಿದೆ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ದರ್ಗಾ ಮತ್ತು ಭೂತರಾಯ ಚೌಡೇಶ್ವರಿ ಸನ್ನಿಧಿ ಒಂದೇ ಸೂರಿನಡಿ ಇವೆ. ಅಂಥ ಸೀಮೆಯಲ್ಲಿ ಹಗುರವಾಗಿ ಆಡಿದ ಮಾತು ಯಾರ ಎದೆಗೆ ನಾಟುತ್ತದೋ ಹೇಳಲಾಗದು. ಇಫ್ತಾರಿಗೆ ಬಂದ ನೆರೆಯವರು ಕೂತಿರಲಿ ಬಿಡಲಿ, ಮಾತು ಒಂದೇ ಇರಬೇಕು.

ತಾಯಿಯ ಪ್ರಸ್ತಾಪ ಬಂದಾಗ ಇನ್ನೂ ಜೋಪಾನ. ಧರ್ಮದ ವಿಷಯದಲ್ಲಿ ಹೆತ್ತವರು ಒತ್ತಾಯಿಸಿದರೆ ಮಣಿಯಬೇಡ, ಆದರೂ ಅವರೊಂದಿಗೆ ಒಳ್ಳೆಯ ರೀತಿಯಲ್ಲಿ ಬಾಳು ಎಂಬ ಆಜ್ಞೆ (31:15) ಇದೆ. ಅಮ್ಮ ಅತ್ತಿದ್ದರೆ ಅದನ್ನು ನಟಿಸಿ ತೋರಿಸಬಾರದು. ಸಹರಿಗೆ (ಉಪವಾಸಕ್ಕೆ ಮುಂಚಿನ ಊಟಕ್ಕೆ) ಅವರೇ ಗಂಜಿ ಬಿಸಿಮಾಡಿ ಎಬ್ಬಿಸುತ್ತಿದ್ದರೆ ಅದನ್ನು ಖಂಡಿತ ಹೇಳಬೇಕು.

ಶಹಾದತ್ ಉಚ್ಚರಿಸಿದ ಗಳಿಗೆಗೆ ಬಂದಾಗ ತಮಾಷೆ ಪೂರ್ತಿ ನಿಲ್ಲಲಿ. ಆ ವಾಕ್ಯವನ್ನು ಅರಬಿಯಲ್ಲಿ ನಿಧಾನವಾಗಿ ಹೇಳಿ, ಕನ್ನಡದಲ್ಲಿ ಅರ್ಥ ಹೇಳಿ: 'ಅಲ್ಲಾಹನ ಹೊರತು ಆರಾಧನೆಗೆ ಅರ್ಹರು ಯಾರೂ ಇಲ್ಲ, ಮುಹಮ್ಮದರು ಅವನ ಸಂದೇಶವಾಹಕರು ಎಂದು ಸಾಕ್ಷಿ ಹೇಳುತ್ತೇನೆ.' ಆಮೇಲೆ ದುಆಗೆ (ಪ್ರಾರ್ಥನೆಗೆ) ಕೈಯೆತ್ತಬಹುದು.