ಮುಂಡರಗಿ ಟಿಕೀಟು

ಗದಗಕ್ಕ ಹೋಗೂದಿದ್ರ ನಾ ಅದನ್ನ ದಾಟಿ ಮುಂದಿರೂ ಮುಂಡರಗಿ ಟಿಕೀಟು ತಗೋತಿದ್ದೆ. ಒಂದ್ಸಲ ಎರಡ್ಸಲ ಅಲ್ಲ, ಹೆಚ್ಚು ಕಡಿಮಿ 14 ವರ್ಷ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಾಗ ಗದಗ ಬಸ್ ಕಣ್ಮುಂದ ಒಂದರ ಹಿಂದ ಒಂದು ಹೋಗ್ತಿದ್ವು, ನಾ ಮಾತ್ರ ಮುಂಡರಗಿ ಬೋರ್ಡಿನ ಬಸ್ ಬರೂ ತನಕ ಕಂಬಕ್ಕ ಆತು ನಿಂತಿರ್ತಿದ್ದೆ. ಕಂಡಕ್ಟರ್ ಬಂದು "ಎಲ್ಲಿಗ್ರಿ?" ಅಂದ್ರ "ಮುಂಡರಗಿ" ಅಂತಿದ್ದೆ. ಅಣ್ಣಿಗೇರಿ ದಾಟಿ ಗದಗ ಬಂತಂದ್ರ ಅವ ಆ ಕಡೆ ಮಾರಿ ತಿರುಗಿಸಿದಾಗ ಮಂದಿ ನಡುವ ಕಳ್ಳರಂಗ ಇಳದು ಹೋಗ್ತಿದ್ದೆ. ಒಬ್ಬ ಕಂಡಕ್ಟರ್ ಹಿಡದೇಬಿಟ್ಟ, "ಯಾಕ್ರೀ ಅಣ್ಣಾರ, ಟಿಕೀಟು ಮುಂಡರಗೀದು, ಇಲ್ಲೇ ಇಳ್ಯಾಕತ್ತೀರಲ್ಲ?" ಅಂತ ಕೇಳಿದ. "ಅರ್ಜಂಟ್ ಫೋನ್ ಬಂತ್ರಿ" ಅಂತ ಸುಳ್ಳ ಹೇಳಿದೆ.

ಕಾರಣ ಇಷ್ಟ, ನಾ ಉಗ್ಗತೀನಿ. ಊರು ಗದಗ, ಅಪ್ಪ ಇಟ್ಟ ಹೆಸರೂ ಗ ಅಕ್ಷರದಿಂದನ, ನನ್ನ ಬಾಯಿಗೆ ಬರದ ಅಕ್ಷರನೂ ಅದ. ಸಾಲದ್ದಕ್ಕ ಕೆಲಸ ಮಾಡೂದು ಹುಬ್ಬಳ್ಳಿ ಒಂದು ಸ್ಪೇರ್ ಪಾರ್ಟ್ಸ್ ಅಂಗಡ್ಯಾಗ, ಅಕೌಂಟ್ಸ್ ನೋಡ್ಕೊಂತ. ಅಲ್ಲಿ ದಿನಾ ಬೆಳಗಾದ್ರ ಗೇರು, ಗ್ಯಾಸ್ಕೆಟ್ಟು, ಗ್ರೀಸು. ಮುಂಡರಗಿಯ "ಮು" ಸರಳ, ತುಟಿ ಮುಚ್ಚಿ ತೆಗದ್ರ ಮುಗೀತು. ಗ ಹಂಗಲ್ಲ. ನಾಲಿಗಿ ಹಿಂಬದಿ ಮ್ಯಾಲೆ ಹೋಗಿ ಅಂಗುಳಕ್ಕ ಅಂಟಿ ಕುಂದರ್ತೈತಿ, ಉಸಿರು ಹಿಂದ ನಿಂತು ನೂಕಾಕತ್ತಿರ್ತೈತಿ, ಎಷ್ಟು ನೂಕ್ತೀವಿ ಅಷ್ಟು ಬಿಗಿ, ಒಳಗ ಯಾರೋ ಅಗಳಿ ಹಾಕಿದಂಗ. ಎದುರಿಗಿನವ್ರಿಗೆ ಅದು ಮೂರು ನಾಕು ಸೆಕೆಂಡು, ನನಗ ಮಾತ್ರ ಅಷ್ಟರಾಗ ಒಂದು ಜಾತ್ರಿ ಮುಗದಿರ್ತೈತಿ.

ಸಣ್ಣವಿದ್ದಾಗ ಮಾಡದ ಉಪಾಯ ಇಲ್ಲ. ಬಜೀ ಬೇರು ಜೇನತುಪ್ಪದಾಗ ತೇದು ನಾಲಿಗಿಗೆ ಹಚ್ಚಿದ್ರು, ಬಾಯಾಗ ಹಳ್ಳು ಇಟ್ಕೊಂಡು ಓದು ಅಂದ್ರು, ಹರಕಿ ಹೊತ್ತ್ರು. ಸಾಲ್ಯಾಗ ಹಾಜರಿ ಕೂಗಿದ್ರ ನಾ ಕೈ ಅಷ್ಟ ಎತ್ತತಿದ್ದೆ. ಮಜಾ ಅಂದ್ರ ಶ್ರಾವಣದ ಭಜನ್ಯಾಗ ಎಲ್ಲಾರ ಜೊತಿ ಹಾಡುವಾಗ ಒಂದು ಅಕ್ಷರನೂ ನಿಲ್ತಿರಲಿಲ್ಲ, ಗ ಇದ್ರೂ ಸೈತ. (ಉಗ್ಗೂ ಮಂದಿಗೆ ಬಹಳಷ್ಟು ಹಿಂಗ ಇರ್ತೈತಿ, ಹಾಡಿನಾಗ, ಗುಂಪಿನ ಓದಿನಾಗ ಮಾತು ಹಿಡಿಯಂಗಿಲ್ಲ.) ಅದನ್ನ ಕಂಡ ನಮ್ಮ ಕಾಕಾ ಒಬ್ರು "ಹಂಗಾರ ಅಂಗಡಿಗೆ ಹೋಗಿ ಸಕ್ಕರಿ ಹಾಡಿನಾಗ ಕೇಳೋ" ಅಂದ್ರು. ಮನಿ ಮಂದಿ ಎಲ್ಲಾ ನಕ್ಕ್ರು, ನಾನೂ ನಕ್ಕೆ, ಇನ್ನೇನು ಮಾಡ್ಲಿ.

ದೊಡ್ಡವ್ರೊಳಗ ನೂರಕ್ಕ ಹೆಚ್ಚು ಕಡಿಮಿ ಒಬ್ರಿಗೆ ಇದು ಇರ್ತೈತಿ ಅಂತ, ಅದ್ರಾಗೂ ಗಂಡಸರಿಗೆ ಹೆಚ್ಚು. ಹೆದರಿಕಿಯಿಂದ ಬರೋ ರೋಗ ಅಲ್ಲ, ಬುದ್ಧಿ ಕಡಿಮಿ ಅಂತನೂ ಅಲ್ಲ. ಇದೆಲ್ಲಾ ನನಗ ಗೊತ್ತಾಗೂದ್ರಾಗ 35 ದಾಟಿತ್ತು.

ಧ್ಯಾನದ ಕಡೆ ಹೋಗಿದ್ದು ಶಾಂತಿ ಬೇಕು ಅಂತಲ್ಲ, ಖರೇ ಹೇಳ್ತೀನಿ. ಗೆಳ್ಯಾ ಒಬ್ಬ ವಿಪಶ್ಯನಾ ಅನ್ನೂ ಧ್ಯಾನದ 10 ದಿನದ ಕೋರ್ಸ್ ಬಗ್ಗೆ ಹೇಳುವಾಗ "ಅಲ್ಲಿ ಮಾತಾಡಾಕ ಬಿಡಂಗಿಲ್ಲಪಾ, ಭಾಳ ಕಷ್ಟ" ಅಂದ. ನನಗ ಅದನ್ನ ಕೇಳಿ ಸ್ವರ್ಗ ಕಂಡಂಗಾತು. ಜಗತ್ತಿನಾಗ ಮಾತಾಡಲಾರದಕ್ಕ ಶಭಾಷ್ ಅನ್ನೂ ಜಾಗಾ ಒಂದೈತಿ ಅಂತಾತಲ್ಲ! ಒಳಗೊಳಗ ಇನ್ನೊಂದು ಆಶಾನೂ ಇತ್ತು, ಮನಸ್ಸು ಶಾಂತ ಆದ್ರ ನಾಲಿಗೀನೂ ಸಡ್ಲ ಆದೀತು ಅಂತ. ಹೆಂಡ್ತಿಗೆ ಹೇಳಿದ್ರ ಅಕಿ "ರೀ, 10 ದಿನ ಮಾತಾಡೂದಿಲ್ಲ ಅಂದ್ರ ಅದೇನ್ ಹೊಸಾದು, ಮನ್ಯಾಗ ಎಲ್ಲಿ ಮಾತಾಡ್ತೀರಿ" ಅಂದು ಚಪಾತಿ ಲಟ್ಟಸಾಕ ಹೋದ್ಲು.

ಕೋರ್ಸ್ ಇದ್ದದ್ದು ನಾಸಿಕ್ ಜಿಲ್ಲಾ ಇಗತ್‌ಪುರಿಯೊಳಗ, ಧಮ್ಮಗಿರಿ ಅನ್ನೂ ಕೇಂದ್ರದಾಗ. 1976ರಿಂದ ನಡದೈತಿ. ಈ ಧ್ಯಾನಾನ ಭಾರತಕ್ಕ ತಿರುಗಿ ತಂದ ಗೋಯೆಂಕಾ ಅವ್ರ ಕತಿ ನನಗ ಭಾಳ ಹಿಡಿಸ್ತು. ಬರ್ಮಾದ ಮಾಂಡಲೇದಾಗ 1924ರಾಗ ಹುಟ್ಟಿದ ವ್ಯಾಪಾರಿ ಮನೆತನದವ್ರು. ಅರ್ಧತಲಿ ನೋವು ವಿಪರೀತ ಆಗಿ ಮಾರ್ಫೀನ್ ಚುಚ್ಚಿಸ್ಕೋಬೇಕಾಗ್ತಿತ್ತಂತ. 1955ರಾಗ ಯಾರೋ ಹೇಳಿದ್ರಂತ ಸಯಾಜಿ ಊ ಬಾ ಖಿನ್ ಅನ್ನೂ ಗುರುಗಳ ಕಡೆ ಹೋದ್ರ, ಅವ್ರು ತಲಿನೋವು ಕಡಿಮಿ ಮಾಡ್ಕೊಳ್ಳಾಕ ಬರೂದಾದ್ರ ಬರಬ್ಯಾಡ ಅಂತ ಮೊದಲು ಕಳಿಸೇಬಿಟ್ಟಿದ್ರಂತ. ಈ ಊ ಬಾ ಖಿನ್ ಯಾರು ಅಂದ್ರ ಬರ್ಮಾ ಸರಕಾರದ ಅಕೌಂಟೆಂಟ್ ಜನರಲ್! ನನ್ನಂಗ ಲೆಕ್ಕದ ಮನುಷ್ಯಾ. ಅಲ್ಲಿಗೆ ನನಗ ಇದ್ರ ಮ್ಯಾಲೆ ವಿಶ್ವಾಸ ಬಂತು, ತಲಿನೋವಿನ ಮಾತು ಮಾತ್ರ ಕಿವಿಗೆ ಬಿದ್ದ್ರೂ ಒಳಗ ಹೋಗಲಿಲ್ಲ.

ಬೆಳಿಗ್ಗೆ 4ಕ್ಕ ಗಂಟಿ. ರಾತ್ರಿ 9 ತನಕ ಕುಂದರೂದು, ಏಳೂದು, ಮತ್ತ ಕುಂದರೂದು. ಮೊದಲ ಮೂರು ದಿನ ಮೂಗಿನ ಕೆಳಗ, ಮೀಸಿ ಬರೂ ಜಾಗಾ ಐತಲ್ಲ, ಅಷ್ಟರ ಮ್ಯಾಲೆ ಉಸಿರು ಹೆಂಗ ತಾಗ್ತೈತಿ ಅಂತ ನೋಡೂದು. ಎಡ ಹೊಳ್ಳಿಯಿಂದ ಬಂತೋ ಬಲಗಡೆಯಿಂದ ಬಂತೋ, ತಣ್ಣಗೈತೋ ಬೆಚ್ಚಗೈತೋ. ಉಸಿರು ಬದಲ್ಸಂಗಿಲ್ಲ, ಎಣಸಂಗಿಲ್ಲ, ಜಪ ಮಾಡಂಗಿಲ್ಲ. ನಾ ಒಂದು ನಿಮಿಷ ನೋಡಿದ್ರ ಹತ್ತು ನಿಮಿಷ ಜಿಎಸ್‌ಟಿ ರಿಟರ್ನ್ಸ್ ತುಂಬಾಕತ್ತಿರ್ತಿದ್ದೆ. ನಾಕನೇ ದಿನದಿಂದ ತಲಿಯಿಂದ ಕಾಲ್ಬೆರಳ ತನಕ ಮೈ ಎಲ್ಲಾ ತುಣುಕು ತುಣುಕಾಗಿ ನೋಡ್ಕೋತ ಬರೂದು. ದಿನಕ್ಕ ಮೂರು ಸಲ ಒಂದೊಂದು ತಾಸು ಅಳ್ಳಾಡಲಾರದ ಕುಂದರೂದು. ಮೊಣಕಾಲು ಹಿಂಗ ಉರೀತಿತ್ತು, ಹೇಳಾಕ ಹೋಗಬಾರ್ದು. ಸಂಜಿ 5ಕ್ಕ ಚಹಾ, ಹಣ್ಣು, ಒಂದು ಮುಷ್ಟಿ ಚುರಮುರಿ. ಹುಬ್ಬಳ್ಳಿಯವನ ಮುಂದ ಚುರಮುರಿ ಇಟ್ಟು ಮಿರ್ಚಿ ಇಡಲಾರದ್ದು, ಅದಕ್ಕಿಂತ ದೊಡ್ಡ ತಪಸ್ಸು ಬ್ಯಾರೆ ಬೇಕಾಗಿಲ್ಲ.

ಮಧ್ಯಾಹ್ನ ಆಚಾರ್ಯರನ್ನ ಏನರ ಕೇಳೂದಿದ್ರ ಕೇಳಬೌದು. ಐದನೇ ದಿನ ಹೋದೆ. ಹರಕು ಹಿಂದ್ಯಾಗ, ಅದ್ರಾಗೂ ತಡವರಿಸ್ಕೋತ, ಇದು ಹೋಗ್ತೈತೋ ಇಲ್ಲೋ ಅಂತ ಕೇಳಿದೆ. ಅವ್ರು ಪೂರಾ ಮುಗಿಯೂ ತನಕ ಕಾದ್ರು. ಆಮ್ಯಾಲೆ, ಮಾತು ನಿಂತಾಗ ಮೈಯ್ಯಾಗ ಎಲ್ಲೆಲ್ಲಿ ಏನೇನಾಗ್ತೈತಿ ಅಂತ ಕೇಳಿದ್ರು. ನನ್ನ ಹಂತೇಕ ಉತ್ತರ ಇರಲಿಲ್ಲ. ಇಷ್ಟು ವರ್ಷ ಉಗ್ಗಿದವ, ಒಂದಿನಾನೂ ಅದನ್ನ ನೋಡಿದ್ದಿಲ್ಲ, ಅದು ಬಂದ ಕೂಡ್ಲೆ ಕಣ್ಣು ಮುಚ್ಚಿ ಓಡಿ ಹೋಗಿದ್ದ ಅಷ್ಟ.

ಹತ್ತನೇ ದಿನ ಮೌನ ಬಿಡಿಸ್ತಾರ. ಹಾಲಿನಿಂದ ಹೊರಗ ಬಂದೆ, ಮೈ ಹೂವಿನಂಗ ಹಗುರ, ಗಿಡದ ಎಲಿ ಒಂದೊಂದೂ ಬ್ಯಾರೆ ಬ್ಯಾರೆ ಕಾಣಾಕತ್ತಿತ್ತು. ಸೊಲ್ಲಾಪುರದವ ಒಬ್ಬ ನಕ್ಕೋತ ಬಂದು ಹೆಸರು ಕೇಳಿದ.

"ಗ್... ಗ್..."

ಅಗಳಿ ಇದ್ದಲ್ಲೇ ಇತ್ತು. ಒಂದು ಕೂದಲೆಳಿಯಷ್ಟೂ ಸರದಿರಲಿಲ್ಲ.

ಊರಿಗೆ ಬರೂ ಟ್ರೇನಿನಾಗ ಎಷ್ಟು ಸಿಟ್ಟು ಬಂದಿತ್ತಂದ್ರ ಗೆಳ್ಯಾಂದು ನಂಬರ್ ಬ್ಲಾಕ್ ಮಾಡಿದೆ. ರಜಾ ಹೋತು, ಮೊಣಕಾಲು ಹೋತು. ಮನಿಗೆ ಬಂದು ಒಂದಿನಾನೂ ಕುಂದರಲಿಲ್ಲ. ದಿನಾ ಮುಂಜಾನಿ ಸಂಜಿ ಒಂದೊಂದು ತಾಸು ಮಾಡ್ರಿ ಅಂದಿದ್ರು, ಯಾವಂಗೈತಿ ಅಷ್ಟು ಪುರಸೊತ್ತು.

ಆರೇಳು ವಾರ ಆಗಿರಬೇಕು. ಅಂಗಡ್ಯಾಗ ನಾ ಒಬ್ಬನ ಇದ್ದೆ, ಫೋನ್ ಬಂತು, ಎತ್ತಾಕ ಬ್ಯಾರೆ ಯಾರೂ ಇಲ್ಲ. ಹೆಡ್ ಗ್ಯಾಸ್ಕೆಟ್ ಬಂದೈತೇನ್ರಿ ಅಂತ ಆ ಕಡೆಯಿಂದ. ಬಂದೈತಿ ಅಂದ್ರ ಸಾಕಿತ್ತು, ಆದ್ರ ಯಾವ ಗಾಡೀದು ಅಂತ ಕೇಳಬೇಕಲ್ಲ, ಗಾಡಿ! ಆಗ ನೋಡ್ರಿ, ಗ ಇನ್ನೂ ಬಾಯಿಗೆ ಬಂದಿರಲಿಲ್ಲ, ಅಷ್ಟರಾಗ ಹೊಟ್ಟಿ ಮ್ಯಾಲಿನ ಭಾಗ ಕಲ್ಲಾತು. ಕಂಡ್ತು ನನಗ. ಮೂಗಿನ ಕೆಳಗ ಉಸಿರು ನಿಂತೈತಿ, ಅದೂ ಕಂಡ್ತು, ಮೂರು ದಿನ ಕಾವಲು ಕಾಯ್ದ ಜಾಗಾ ಅಲ್ಲೇನು ಅದು. ಆಮ್ಯಾಲೆ ದವಡಿ. ಆಮ್ಯಾಲೆ ಕಿವಿ ಬಿಸಿ ಆದ್ವು, ಅಂದ್ರ ನಾಚಿಕಿ. ಮಾತು ನಿಲ್ಲೂದಕ್ಕಿಂತ ಮೊದಲ ನಾಚಿಕಿ ಬಂದು ಕುಂತಿತ್ತು. ಉಗ್ಗಿದೆ, ಸರಿಯಾಗೇ ಉಗ್ಗಿದೆ, ಆದ್ರ ಫೋನ್ ಕಟ್ ಮಾಡಲಿಲ್ಲ. ಆ ಮನುಷ್ಯಾ ತಡದು "ಟಾಟಾ ಏಸ್ ರೀ" ಅಂದ.

ಜೋಸೆಫ್ ಶೀಹನ್ ಅಂತ ಅಮೆರಿಕಾದ ಮನಃಶಾಸ್ತ್ರಜ್ಞರು, ಅವರೂ ಉಗ್ಗತಿದ್ದವ್ರ, ಉಗ್ಗೂದನ್ನ ನೀರಾಗಿನ ಹಿಮಗಡ್ಡಿಗೆ ಹೋಲಿಸ್ಯಾರ. ಮ್ಯಾಲೆ ಮಂದಿಗೆ ಕೇಳೂದು ಸಣ್ಣ ತುದಿ. ನಾಚಿಕಿ, ಅಂಜಿಕಿ, ತಪ್ಪಿಸ್ಕೊಳ್ಳೂದು ಇದೆಲ್ಲಾ ನೀರಿನ ಕೆಳಗ, ದೊಡ್ಡದು ಅದ. ಮುಂಡರಗಿ ಟಿಕೀಟು ಪೂರಾ ಕೆಳಗಿನ ಲೆಕ್ಕ. 14 ವರ್ಷದ ಆ ಹೆಚ್ಚಿಗಿ ರೊಕ್ಕ ಕೂಡಿಸಿದ್ರ ಒಂದು ಹಳೇ ಟಿವಿಎಸ್ ಗಾಡಿ ಬರ್ತಿತ್ತು.

ರೀಲ್ಸಿನಾಗ "ನಿನ್ನನ್ನ ನೀ ಪ್ರೀತಿಸು" ಅಂತ ಹಿಂದ ಕೊಳಲು ಹಚ್ಚಿ ಹೇಳ್ತಾರಲ್ಲ, ನನಗದು ಹಿಡಸಂಗಿಲ್ಲ. ನನ್ನ ಉಗ್ಗಿನ ಮ್ಯಾಲೆ ನನಗ ಪ್ರೀತಿ ಇಲ್ಲ, ನಾಳೆ ಹೋಗ್ತೇನಿ ಅಂದ್ರ ಸ್ಟೇಷನ್ ತನಕ ಬಿಟ್ಟು ಬರ್ತೀನಿ. ಒಪ್ಕೊಳ್ಳೂದು ಅಂದ್ರ ನಮ್ಮ ಲೆಕ್ಕದ ಭಾಷಾದಾಗ ಓಪನಿಂಗ್ ಬ್ಯಾಲೆನ್ಸ್. ಹೋದ ವರ್ಷದ ಬಾಕಿ ಎಷ್ಟೈತಿ ಅಷ್ಟನ್ನ ಹೊಸ ಪುಸ್ತಕದ ಮೊದಲ ಸಾಲಿನಾಗ ಬರೀಬೇಕು, ಸಾಲ ಇದ್ರ ಸಾಲ. ಅದನ್ನ ಬರೀಲಾರದ ಮುಂದ ಎಷ್ಟು ಚಂದ ಎಂಟ್ರಿ ಹಾಕಿದ್ರೂ ಕಡೀಕ ತಾಳೆ ಆಗಂಗಿಲ್ಲ. ನಾ ವರ್ಷಗಟ್ಟಲೆ ಆ ಸಾಲು ಖಾಲಿ ಬಿಟ್ಟು ಲೆಕ್ಕಾ ಬರದಿದ್ದೆ.

ಈಗ ದಿನಾ 20 ನಿಮಿಷ ಕುಂದರ್ತೀನಿ, ಉಣಕಲ್ ಬಾಡಗಿ ಮನಿ ಮಾಳಗಿ ಮ್ಯಾಲೆ. ಶಾಂತಿ ಗೀಂತಿ ಇರಂಗಿಲ್ಲ ಅಲ್ಲಿ. ಕಸದ ಗಾಡಿ ಹಾಡು ಹಾಕ್ಕೊಂಡು ಬರ್ತೈತಿ, ಕೆಳಗಿನ ಮನಿಯವ್ರ ಕುಕ್ಕರ್ ಸೀಟಿ ಹೊಡೀತೈತಿ, ಮನಸ್ಸು ಅದ್ರ ಹಿಂದ ಹೋಗಿ ಇವತ್ತು ಅವ್ರ ಮನ್ಯಾಗ ಬ್ಯಾಳಿನೋ ಕಾಳೋ ಅಂತ ವಿಚಾರ ಮಾಡ್ತೈತಿ. ಗೊತ್ತಾದ ಕೂಡ್ಲೆ ತಿರುಗಿ ಮೂಗಿನ ಕೆಳಗ ಬರೂದು. ಬೌದ್ಧ ಗ್ರಂಥಗಳ ಪಾಳಿ ಭಾಷಾದಾಗ ಇದಕ್ಕ ಸತಿ ಅಂತಾರ, ಸ್ಮೃತಿ ಅನ್ನೂದರ ರೂಪ, ನೆನಪಿಟ್ಟು ನೋಡೂದು. ನಾ ಇದನ್ನ ಹೆಂಡ್ತಿಗೆ ವಿವರಿಸಾಕ ಹೋದ್ರ "ಸತಿ ಕೆಳಗ ಅಡಗಿಮನ್ಯಾಗ ಅದಾಳ, ನೀವು ಮ್ಯಾಲೆ ಏನ್ ಹುಡುಕ್ತೀರಿ" ಅಂದ್ಲು.

ಒಂದೊಂದ್ಸಲ ಕುಂತಾಗ ನಮ್ಮ ಆಯಿ ನೆನಪಾಗ್ತಾಳ. ದಿನಾ ಮುಂಜಾನಿ ವಿಭೂತಿ ಹಚ್ಕೊಂಡು, ಎಡಗೈ ಅಂಗೈಯ್ಯಾಗ ಇಷ್ಟಲಿಂಗ ಇಟ್ಕೊಂಡು ಕಣ್ಣು ಮಿಟುಕಿಸಲಾರದ ನೋಡ್ಕೋತ ಕುಂದ್ರತಿದ್ಲು. ನಾವು ಹುಡುಗೂರು ಎದುರಿಗೆ ಹೋಗಿ ಮಂಗ್ಯಾನಂಗ ಮಾರಿ ಮಾಡಿದ್ರೂ ಅಕಿ ದೃಷ್ಟಿ ತಪ್ಪತಿರಲಿಲ್ಲ. ಆದ್ರ ನಡಬರಕ "ಹಾಲು ಉಕ್ಕಾಕತ್ತಾವ ನೋಡವಾ" ಅಂತ ಒಂದು ಕೂಗು ಹಾಕಿ, ಮತ್ತ ಏನೂ ಆಗೇ ಇಲ್ಲ ಅನ್ನೂವಂಗ ಲಿಂಗದ ಕಡೆ ಬರ್ತಿದ್ಲು. ಆಗ ನಮಗ ನಗಿ ಬರ್ತಿತ್ತು, ಇದೇನ್ ಪೂಜಾ ಇಕಿದು ಅಂತ. ಹಾಲಿನ ಕಡೆ ಹೋಗಿದ್ದಕ್ಕ ಅಕಿ ತನ್ನ ಮ್ಯಾಲೆ ತಾ ಸಿಟ್ಟಾಗಿದ್ದು ಮಾತ್ರ ನಾ ಒಂದಿನಾನೂ ನೋಡಿಲ್ಲ. ನಾ ಇಗತ್‌ಪುರಿಯೊಳಗ 10 ದಿನ ಬರೇ ಅದನ್ನ ಮಾಡಿದ್ದೆ, ಮನಸ್ಸು ಓಡಿತು ಅಂತ ಮನಸ್ಸಿಗೆ ಬೈಯ್ಯೂದು.

ಒಂದು ಮಾತು ಹೇಳೇಬಿಡ್ತೀನಿ, ನನ್ನ ಮಾತು ಓದಿ ಯಾರೂ ಮಗನ್ನ ಉಗ್ಗು ಬಿಡಿಸಾಕ ಧ್ಯಾನಕ್ಕ ಕಳಸಬ್ಯಾಡ್ರಿ, ಹುಡುಗೂರಿದ್ರ ಸ್ಪೀಚ್ ಥೆರಪಿಯವ್ರ ಕಡೆ ಲಗೂನ ಕರ್ಕೊಂಡು ಹೋಗ್ರಿ. ಹಂಗ ಮನಸ್ಸಿಗೆ ಭಾಳ ತ್ರಾಸ ಇದ್ದವ್ರು ಒಮ್ಮಿಗೇ 10 ದಿನ ಮೌನಕ್ಕ ಹಾರಬಾರ್ದು, ಅದು ಎಲ್ಲಾರಿಗೂ ಆಗಿಬರಂಗಿಲ್ಲ, ನಮ್ಮ ಧಾರವಾಡದಾಗ ಡಿಮ್ಹಾನ್ಸ್ ಅನ್ನೂ ಮಾನಸಿಕ ಆರೋಗ್ಯದ ಸರಕಾರಿ ಆಸ್ಪತ್ರಿ ಐತಿ, ಮೊದಲು ಡಾಕ್ಟರ್‌ನ ಕಾಣ್ರಿ.

ಟಿಕೀಟಿನ ಮಾತು ಅರ್ಧಕ್ಕ ಬಿಟ್ಟೆ. 2023ರಾಗ ಹೆಣ್ಮಕ್ಕಳಿಗೆ ಬಸ್ ಫ್ರೀ ಆದ ಮ್ಯಾಲೆ ನನಗ ಅನುಕೂಲ ಆಗಿತ್ತು, ಹೆಂಡ್ತಿ ಆಧಾರ್ ತೋರಿಸಿ ತನ್ನ ಊರ ಹೆಸರು ಹೇಳೂ ಮುಂದ "ಇವ್ರದೂ ಒಂದು" ಅಂತಿದ್ಲು. ಹೋದ ತಿಂಗಳು ಅವ್ವಗ ಆರಾಮಿಲ್ಲ ಅಂತ ಫೋನ್ ಬಂತು, ಒಬ್ಬನ ಹೊಂಟೆ, ಬೋರ್ಡ್ ಪೂರಾ ನೋಡಲಾರದ ಸಿಕ್ಕ ಬಸ್ ಹತ್ತಿದೆ. ಕಂಡಕ್ಟರ್ ಸಣ್ಣ ಹುಡುಗ, ಮಷೀನ್ ಹಿಡ್ಕೊಂಡು "ಎಲ್ಲಿಗ್ರಿ" ಅಂದ. ಮುಂಡರಗಿ ನಾಲಿಗಿ ತುದಿಗೆ ಬಂದು ನಿಂತಿತ್ತು. ಹೊಟ್ಟಿ ಕಲ್ಲಾತು, ಉಸಿರು ನಿಂತು, ದವಡಿ, ಕಿವಿ, ಎಲ್ಲಾ ಪಾಳೀ ಪ್ರಕಾರ ಬಂದ್ವು. ಕಣ್ಣು ಮುಚ್ಚಲಿಲ್ಲ, ಅವನ ಮಾರೀನ ನೋಡಿದೆ.

"ಗ್... ಗ್..."

"ಗಜೇಂದ್ರಗಡ ಏನ್ರಿ?"

ನಗಿ ಬಂದುಬಿಡ್ತು ನನಗ. ಬಸ್ ಗಜೇಂದ್ರಗಡದ್ದಂತ. ನಗೂ ಮುಂದ ಒಳಗಿನದೇನೋ ಸಡ್ಲಾತು, "ಅಲ್ಲಪಾ, ಗ್ಗ...ದಗ" ಅಂದೆ. ಅವ ಟಿಕೀಟು ಹರದು ಕೈಯ್ಯಾಗ ಇಟ್ಟು "ಚಿಲ್ಲರಿ ಇಲ್ರೀ, ಇಳಿವಾಗ ಇಸ್ಕೋರಿ" ಅಂದು ಹಿಂದಿನ ಸೀಟಿಗೆ ಹೋದ.

ಹಂಗಾಗಿ ಗದಗ ಬಂದಾಗ ಕಂಡಕ್ಟರ್ ಎಲ್ಲಿದಾನ ಅಂತ ನಾನ ಹುಡುಕ್ಕೊಂಡು ಹೋಗಿ ಅವನ ಮುಂದ ನಿಂತೆ, ನನ್ನ ಎಂಟು ರೂಪಾಯಿ ಇಸ್ಕೊಂಡು ಇಳದೆ.